ಎಳೆಸೊಪ್ಪಿನ ಸಾರಿಗೆ ಉಪ್ಪು ಹಾಕುವವರು

ನಮ್ಮ ಮನೆಯಲ್ಲಿ ವರ್ಷದ ಮೊದಲ ಎಳೆಸೊಪ್ಪಿನ ಸಾರಿಗೆ ಉಪ್ಪು ಹಾಕುವ ಹಕ್ಕು ನನಗಿರಲಿಲ್ಲ. ಹಿತ್ತಿಲ ಪಾತಿಯಿಂದ ಸೊಪ್ಪು ಕಿತ್ತು ತರುವುದು ನಾನು, ಬಿಡಿಸುವುದು ನಾನು, ಮಣ್ಣು ಹೋಗುವ ತನಕ ತೊಳೆಯುವುದು ನಾನು, ಬೇಯಿಸಿ ಬಸಿದು ಖಾರ ರುಬ್ಬಿ ಒಗ್ಗರಣೆ ಕೊಡುವುದೂ ನಾನೇ. ಉಪ್ಪು ಮಾತ್ರ ಅತ್ತೆಯದು, ಅಂದರೆ ನನ್ನ ಗಂಡನ ತಾಯಿಯದು. ಅದೂ ಸಾಲದು ಎಂಬಂತೆ, ಸಾರು ಒಲೆಯ ಮೇಲಿದ್ದಾಗ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ರುಚಿ ನೋಡುವ ಹಾಗೂ ಇರಲಿಲ್ಲ. ಹೊಸ ಬೆಳೆಯ ಮೊದಲ ಅಡುಗೆ ಎಂಜಲಾಗಬಾರದು. ಮೊದಲು ದೇವರ ಮುಂದೆ ಎಡೆ, ಆಮೇಲೆ ಮನೆಯ ಹಿರಿಯರು, ಆಮೇಲೆ ಮಿಕ್ಕವರು. ಮಾಡಿದವಳ ನಾಲಿಗೆಗೆ ಅದು ಬರುವ ಹೊತ್ತಿಗೆ ಎಲ್ಲರ ತೀರ್ಪೂ ಬಂದು ಮುಗಿದಿರುತ್ತಿತ್ತು.

ಈ ಪದ್ಧತಿಯನ್ನು ಯಾರು ಮಾಡಿದರೋ ಗೊತ್ತಿಲ್ಲ. ಅಡುಗೆ ಮಾಡುವವರಂತೂ ಅಲ್ಲ.

ದಿನದ ಅಡುಗೆಗೆ ಈ ಕಟ್ಟುಪಾಡು ಇರಲಿಲ್ಲ. ನಾನು ಹೊಸೂರಿನ ಒಂದು ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ಬೆಳಿಗ್ಗೆ ಬೇರಿಕೆ ಕಡೆಯಿಂದ ಬರುವ ಬಸ್ಸು ತಪ್ಪಿದರೆ ಪ್ರಾರ್ಥನೆ ತಪ್ಪಿತು ಅಂತಲೇ ಲೆಕ್ಕ. ಗಂಡ ಲಾರಿ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಅವರ ಶಿಫ್ಟು ಒಂದೊಂದು ವಾರ ಒಂದೊಂದು ಥರ. ಆ ಗಡಿಬಿಡಿಯಲ್ಲಿ ನಾನು ಇಳಿಸುತ್ತಿದ್ದ ಸಾರಿಗೆ ಅತ್ತೆ 'ಇಸ್ಕೂಲ್ ಸಾರು' ಅಂತ ಹೆಸರಿಟ್ಟಿದ್ದರು. ಅದನ್ನು ಅವರು ಹೊಗಳುತ್ತಲೂ ಇರಲಿಲ್ಲ, ತೆಗಳುತ್ತಲೂ ಇರಲಿಲ್ಲ. ಅದಕ್ಕೆ ನಾನೇ ಉಪ್ಪು ಹಾಕಬಹುದಿತ್ತು, ಯಾಕೆಂದರೆ ಅದು ಅವರ ಲೆಕ್ಕದಲ್ಲಿ ಅಡುಗೆಯೇ ಅಲ್ಲ.

ಅವರ ಲೆಕ್ಕದ ಅಡುಗೆ ವರ್ಷಕ್ಕೊಂದು ಸಲ. ಯುಗಾದಿ ಕಳೆದ ಮೊದಲ ಭಾನುವಾರ. ಹಿಂದೆ ಭಾನುವಾರವೇ ಆಗಬೇಕೆಂದೇನೂ ಇರಲಿಲ್ಲವಂತೆ, ಸೊಪ್ಪು ಕೈಗೆ ಬಂದ ದಿನ ಮಾಡುತ್ತಿದ್ದರಂತೆ. ಮನೆಯಲ್ಲಿ ಒಬ್ಬರಿಗೆ ಕಾರ್ಖಾನೆ, ಒಬ್ಬರಿಗೆ ಶಾಲೆ ಅಂತಾದ ಮೇಲೆ ದೇವರೂ ಭಾನುವಾರಕ್ಕೆ ಒಪ್ಪಿಕೊಂಡ. ಚಳಿ ಹೋಗಿ ಬಿಸಿಲು ಬಲಿಯುವ ಮೊದಲು ನಮ್ಮ ಹಿತ್ತಿಲಲ್ಲಿ ಎಲ್ಲವೂ ಎಳಸಾಗಿ ಒಟ್ಟಿಗೆ ಸಿಗುವ ಕೆಲವು ದಿನಗಳಿರುತ್ತವೆ. ಕಿರುಬೆರಳಿನಷ್ಟು ಸಣ್ಣ ಹುರುಳಿಕಾಯಿ, ಉಗುರು ಊರಿದರೆ ನೀರು ಜಿನುಗುವ ನವಿಲುಕೋಸು, ದಂಟಿನ ಸೊಪ್ಪು, ಕೀರೆ, ಕಾಲುವೆ ಅಂಚಿನ ಹೊನಗೊನೆ, ಒಂದು ಹಿಡಿ ಸಬ್ಬಸಿಗೆ, ಬೆಳಿಗ್ಗೆಯೇ ಬಿಡಿಸಿಟ್ಟುಕೊಂಡ ನುಗ್ಗೆ ಹೂವು. ಹುಳಿಗೆ ಹುಣಸೆಹಣ್ಣಲ್ಲ, ಹುಣಸೆಮರದ ಚಿಗುರು. ತೊಗರಿಬೇಳೆ ಅರ್ಧ ಬೆಂದ ಮೇಲೆ ಕಾಯಿ ಬೀಳಬೇಕು, ಕಾಯಿ ಬೆಂದ ಮೇಲೆ ಸೊಪ್ಪು, ಸೊಪ್ಪಿನ ಹಸಿರು ಕೆಡುವ ಮುಂಚೆ ಉಪ್ಪು. ಉಪ್ಪು ಬಿದ್ದು ಒಂದು ಕುದಿ ಬಂದ ಕೂಡಲೇ ಪಾತ್ರೆ ಬಗ್ಗಿಸಿ ಬಸಿಯಬೇಕು. ಬಸಿದ ನೀರು, ನಾವು ಕಟ್ಟು ಅನ್ನುವುದು, ಸಾರಿಗೆ, ಉಳಿದ ಸೊಪ್ಪು, ಕಾಯಿ, ಬೇಳೆ ಪಲ್ಯಕ್ಕೆ. ಎರಡಕ್ಕೂ ಅದೊಂದೇ ಉಪ್ಪು. ಆಮೇಲೆ ಯಾರೂ ಸೇರಿಸುವಂತಿಲ್ಲ.

ಬಸ್ಸಾರು ನಮ್ಮ ಸೀಮೆಯಲ್ಲಿ ಯಾರ ಮನೆಯಲ್ಲಿ ಮಾಡುವುದಿಲ್ಲ ಹೇಳಿ. ಆದರೆ ಈ ಒಂದು ಬಸ್ಸಾರಿಗೆ ನಮ್ಮ ಮನೆಯಲ್ಲಿ ಇದ್ದ ಬಿಂಕವೇ ಬೇರೆ. ಅತ್ತೆ ಆ ದಿನ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಗಂಟು ಹಾಕಿ, ನಡುಮನೆಯಲ್ಲಿ ಕೂತಿರುತ್ತಿದ್ದರು. ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಸೊಪ್ಪು ಬೇಯುವ ವಾಸನೆ ಒಂದು ಹದಕ್ಕೆ ಬಂದಾಗ ತಾವಾಗಿಯೇ ಎದ್ದು ಬಂದು, ಕೈ ತೊಳೆದು, ಭರಣಿಯಿಂದ ಕಲ್ಲುಪ್ಪು ಹಿಡಿಯಷ್ಟು ತೆಗೆದು, ಅದರಿಂದ ಸ್ವಲ್ಪ ವಾಪಸ್ಸು ಉದುರಿಸಿ, ಮಿಕ್ಕದ್ದನ್ನು ಪಾತ್ರೆಗೆ ಹಾಕಿ, ಒಳಗೆ ಏನಿದೆ ಅಂತ ಇಣುಕಿಯೂ ನೋಡದೆ ಹೋಗಿಬಿಡುತ್ತಿದ್ದರು. ನಾನು ಬದಿಗೆ ಸರಿದು ನಿಂತಿರುತ್ತಿದ್ದೆ. ನನ್ನದೇ ಅಡುಗೆಮನೆಯಲ್ಲಿ ಯಾರದೋ ಮನೆಗೆ ಬಂದವಳ ಹಾಗೆ.

ಮೊದಲ ವರ್ಷ ನಾನು ಏನೂ ತಿಳಿಯದವಳು. ಹೊಸೂರು ಪೇಟೆಯಲ್ಲಿ ಬೆಳೆದವಳು. ಅಪ್ಪ ತಾಲ್ಲೂಕು ಆಫೀಸಿನಲ್ಲಿ ಇದ್ದರು, ಹೊರಗೆ ತಮಿಳು, ಮನೆಯೊಳಗೆ ಕನ್ನಡ, ಹಾಲಿನವಳ ಜೊತೆ ತೆಲುಗು. ಅಮ್ಮ ಸೊಪ್ಪಿನ ಸಾರು ಅಂದರೆ ಪೇಟೆಯ ಸೊಪ್ಪಿಗೆ ಅಂಗಡಿಯ ಸಾರಿನ ಪುಡಿ ಹಾಕಿ ಇಳಿಸುತ್ತಿದ್ದಳು, ನಾವು ತಿಂದು ಕೈ ತೊಳೆಯುತ್ತಿದ್ದೆವು. ಇಲ್ಲಿ ಬಂದ ಮೇಲೆ ಈರುಳ್ಳಿ ಬೆಳ್ಳುಳ್ಳಿಯನ್ನು ಕೆಂಡದಲ್ಲಿ ಸುಟ್ಟು ರುಬ್ಬುವುದನ್ನು, ಬೆಂದ ಸೊಪ್ಪಿನಿಂದ ಒಂದು ಹಿಡಿ ಖಾರದ ಜೊತೆ ಸೇರಿಸಿ ಬಸಿದ ಕಟ್ಟಿಗೆ ಮಂದ ತರುವುದನ್ನು ಅತ್ತೆಯನ್ನೇ ಕೇಳಿ ಕಲಿತೆ. ಆ ಭಾನುವಾರ ಅವರು ಒಂದು ತುತ್ತು ಮುದ್ದೆಯನ್ನು ಸಾರಲ್ಲಿ ಅದ್ದಿ ನುಂಗಿ, ಸ್ವಲ್ಪ ಹೊತ್ತು ಗೋಡೆ ನೋಡಿ, "ಏನೋ ಒಂದು ಕಮ್ಮಿ ಐತೆ" ಅಂದರು.

"ಏನು ಕಮ್ಮಿ ಅತ್ತೆ?"

"ಅದು ಹೇಳಿದ್ರೆ ಬರಾದಲ್ಲ ಕಣಮ್ಮಿ."

ಹೊಸ ಸೊಸೆ, ಮೊದಲ ವರ್ಷ. ಇರಲಿ ಅಂದುಕೊಂಡೆ. ಮುಂದಿನ ವರ್ಷ ಬೆಳ್ಳುಳ್ಳಿ ಜಾಸ್ತಿ ಹಾಕಿದೆ. ಏನೋ ಒಂದು ಕಮ್ಮಿ. ಅದರ ಮುಂದಿನ ವರ್ಷ ಮಿಕ್ಸಿ ಬಿಟ್ಟು ಒರಳಲ್ಲಿ ರುಬ್ಬಿದೆ, ಬೆನ್ನು ಹಿಡಿದುಕೊಂಡು ಸೋಮವಾರ ಶಾಲೆಗೆ ರಜಾ ಹಾಕಿದೆ. ಏನೋ ಒಂದು ಕಮ್ಮಿ. ಗ್ಯಾಸ್ ಬಿಟ್ಟು ಹಿತ್ತಿಲಲ್ಲಿ ಸೌದೆ ಒಲೆ ಹಚ್ಚಿ ಮಣ್ಣಿನ ಪಾತ್ರೆಯಲ್ಲಿ ಮಾಡಿದೆ. ಹೊಗೆಗೆ ಕಣ್ಣು ಕೆಂಪಾಗಿದ್ದು ನೋಡಿ ಗಂಡ "ಅಳ್ತಿದ್ದೀಯಾ?" ಅಂದರು. ಆಗ ಅಳುತ್ತಿರಲಿಲ್ಲ, ಊಟವಾದ ಮೇಲೆ ಅತ್ತುಬಿಟ್ಟೆ. ಇಷ್ಟು ವರ್ಷಗಳಲ್ಲಿ ಆ ಸಾರಿನ ಮೇಲೆ ನಾನು ಮಾಡದ ಪ್ರಯೋಗ ಇಲ್ಲ. ಮೆಣಸು ಬದಲಾಯಿಸಿದೆ, ಮೆಣಸಿನಕಾಯಿ ಬದಲಾಯಿಸಿದೆ, ಜೀರಿಗೆ ಹುರಿದು ನೋಡಿದೆ, ಹುರಿಯದೆ ನೋಡಿದೆ, ತೆಂಗಿನಕಾಯಿ ಹಾಕಿ ನೋಡಿದೆ, ಬಿಟ್ಟು ನೋಡಿದೆ. ಅವರು ಗೋಡೆ ನೋಡುವುದು ಬಿಡಲಿಲ್ಲ.

ಉಪ್ಪು ಅವರೇ ಹಾಕಿದ್ದು ಎಂಬುದನ್ನು ಒಂದು ಸಲ ಹೇಳಿಬಿಡಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ಕಮ್ಮಿ ಇದ್ದರೆ ನೀವು ಹಾಕಿದ್ದೇ ಕಮ್ಮಿ ಇರಬೇಕು ಅತ್ತೆ, ಅಂತ. ನುಂಗಿಕೊಂಡೆ. ಅವರ ಉಪ್ಪು ಒಂದು ವರ್ಷವೂ ಹೆಚ್ಚುಕಮ್ಮಿ ಆಗಿದ್ದಿಲ್ಲ. ಅದೂ ನನ್ನ ಹೊಟ್ಟೆ ಉರಿಸುತ್ತಿತ್ತು.

ಬೇರೆಯವರು ಹೊಗಳುತ್ತಿರಲಿಲ್ಲ ಅಂತಲ್ಲ. ಸೋಮವಾರ ಉಳಿದ ಸಾರನ್ನು ಶಾಲೆಗೆ ಒಯ್ಯುತ್ತಿದ್ದೆ. ನಮ್ಮ ಸ್ಟಾಫ್ ರೂಮಿನಲ್ಲಿ ಲೆಕ್ಕದ ಪಾಠ ಮಾಡುವ ತಮಿಳಿನವಳೊಬ್ಬಳಿದ್ದಾಳೆ. ಅವಳು ಅನ್ನಕ್ಕೂ ಹಾಕಿಕೊಳ್ಳದೆ ಟಿಫಿನ್ ಡಬ್ಬಿಯ ಮುಚ್ಚಳಕ್ಕೆ ಬಗ್ಗಿಸಿಕೊಂಡು ಹಾಗೇ ಕುಡಿಯುತ್ತಾಳೆ. "ಸೂಪರಾ ಇರುಕ್ಕು ಟೀಚರ್, ಹೋಟೆಲಲ್ಲಿ ಇದನ್ನೇ ಸೂಪು ಅಂತ ಕೊಡ್ತಾರೆ" ಅಂತ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಪ್ರತಿ ವರ್ಷ ಹೇಳುತ್ತಾಳೆ. ಗಂಡ ತಟ್ಟೆ ನೆಕ್ಕುವಷ್ಟು ಚೆನ್ನಾಗಿ ಊಟ ಮಾಡುತ್ತಾರೆ. ಮಗಳಂತೂ ಕೃಷ್ಣಗಿರಿಯ ಕಾಲೇಜಿನ ಹಾಸ್ಟೆಲಿನಿಂದ ಈ ಭಾನುವಾರಕ್ಕೆಂದೇ ಬಸ್ಸು ಹತ್ತಿ ಬರುತ್ತಾಳೆ. ನನಗೆ ಇವರ ಯಾರ ಹೊಗಳಿಕೆಯೂ ಬೇಡವಾಗಿತ್ತು. ಅತ್ತೆಯ ಬಾಯಿಂದ ಒಂದು ಸಲ, ಒಂದೇ ಸಲ, ಸರಿಯಾಗೈತೆ ಅನ್ನಿಸಬೇಕಿತ್ತು.

ಓದಿದವಳು, ಸಂಬಳ ತರುವವಳು, ನಾಲ್ಕು ಜನ ಮೇಡಂ ಅನ್ನುವವಳು. ಇಷ್ಟು ಸಣ್ಣ ಮಾತಿಗೆ ಯಾಕೆ ಜೊಲ್ಲು ಸುರಿಸುತ್ತೀಯ ಅಂತ ನನ್ನನ್ನು ನಾನೇ ಬೈದುಕೊಂಡಿದ್ದೇನೆ. ತರಗತಿಯಲ್ಲಿ ಒತ್ತಕ್ಷರ ಸರಿಯಾಗಿ ಬರೆದ ಮಗುವಿಗೆ ಶಭಾಷ್ ಅನ್ನುವುದಕ್ಕೆ ನನಗೆ ಒಂದು ಕ್ಷಣವೂ ಹಿಡಿಯುವುದಿಲ್ಲ. ಮಗುವಿನ ಮುಖ ಹೇಗೆ ಅರಳುತ್ತದೆ ಅಂತ ದಿನಾ ನೋಡುವವಳು ನಾನು. ಅಷ್ಟು ಅಗ್ಗದ ವಸ್ತುವನ್ನು ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಕೊಡದೆ ಇಷ್ಟು ವರ್ಷ ಹೇಗೆ ಬಚ್ಚಿಟ್ಟುಕೊಳ್ಳುತ್ತಾಳೆ? ಗಂಡನನ್ನು ಕೇಳಿದರೆ "ಬುಡು ಅತ್ಲಾಗೆ, ಅಮ್ಮ ಯಾವಾಗ್ಲೂ ಹಂಗೇ" ಅನ್ನುತ್ತಿದ್ದರು. ತಾಯಿಯ ಬಗ್ಗೆ ಗಂಡಸರಿಗೆ ಇರುವ ಜ್ಞಾನ ಸಾಮಾನ್ಯವಾಗಿ ಇಷ್ಟರಲ್ಲೇ ಮುಗಿಯುತ್ತದೆ.

ಅತ್ತೆ ಕೆಟ್ಟವರೇನಲ್ಲ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ನನ್ನ ಬಾಣಂತನ ಮಾಡಿದವರು ಅವರೇ. ನಾನು ಬಸ್ಸು ಇಳಿದು ಬರುವ ಹೊತ್ತಿಗೆ ಬಿಸಿನೀರು ಕಾಯಿಸಿಟ್ಟಿರುತ್ತಿದ್ದರು. ಊರಲ್ಲಿ ಯಾರಾದರೂ ಕೆಲಸಕ್ಕೆ ಹೋಗುವ ಸೊಸೆಯಂದಿರ ಬಗ್ಗೆ ಮೂಗು ಮುರಿದರೆ ಅವರ ಬಾಯಿ ಮುಚ್ಚಿಸಿ ಬರುತ್ತಿದ್ದರು. ಎಲ್ಲ ಕೊಟ್ಟರು, ಆ ಒಂದು ಮಾತು ಬಿಟ್ಟು. ಬಹುಶಃ ಅದಕ್ಕೇ ಆ ಮಾತು ಅಷ್ಟು ದೊಡ್ಡದಾಯಿತು.

ಈ ವರ್ಷ ಚಳಿಗಾಲದಲ್ಲಿ ಅವರಿಗೆ ಜ್ವರ ಬಂತು. ಊರಿಗೆಲ್ಲ ಬಂದಿತ್ತು. ನಾವೂ ಮಲಗಿ ಎದ್ದೆವು. ಅವರು ಎದ್ದ ಮೇಲೆ ಸ್ವಲ್ಪ ಸೊರಗಿದ್ದರು ಅಷ್ಟೆ. ಊಟ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ವಯಸ್ಸು, ಅಂದುಕೊಂಡೆವು. ವಯಸ್ಸಾದವರಿಗೆ ಏನಾದರೂ ಅದನ್ನು ವಯಸ್ಸಿನ ತಲೆಗೆ ಕಟ್ಟಿ ನಾವು ನೆಮ್ಮದಿಯಾಗಿರುತ್ತೇವೆ.

ಯುಗಾದಿ ಕಳೆದ ಭಾನುವಾರ ಎಂದಿನಂತೆ ಬೆಳಿಗ್ಗೆಯೇ ಬುಟ್ಟಿ ಹಿಡಿದು ಹಿತ್ತಿಲಿಗೆ ಹೋದೆ. ಬೇಲಿಯಾಚೆ ಪಕ್ಕದವರ ಗುಲಾಬಿಯ ಪಾಲಿಹೌಸು ಬಂದ ಮೇಲೆ ನಮ್ಮ ಪಾತಿಗೆ ಬೆಳಗಿನ ಬಿಸಿಲು ತಡವಾಗಿ ಬೀಳುತ್ತದೆ. ಅದರಿಂದ ಒಂದು ಉಪಕಾರವೂ ಆಗಿದೆ, ಸೊಪ್ಪು ಬೇಗ ಬಲಿಯುವುದಿಲ್ಲ. ಆ ದಿನದಷ್ಟು ಎಳೆಯ ದಂಟನ್ನು ನಾನು ನೋಡಿರಲಿಲ್ಲ. ಮುಟ್ಟಿದರೆ ಮುರಿಯುತ್ತಿತ್ತು. ಈ ಸಲ ಯಾವ ಪ್ರಯೋಗವೂ ಬೇಡ ಅಂತ ತೀರ್ಮಾನಿಸಿದೆ. ಅವರು ಮೊದಲ ವರ್ಷ ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆಯೇ ಮಾಡುತ್ತೇನೆ, ಆಮೇಲೆ ಗೋಡೆ ನೋಡಲಿ, ಸೂರು ನೋಡಲಿ.

ಬೇಳೆ ಬೆಂತು, ಕಾಯಿ ಬೆಂತು, ಸೊಪ್ಪು ಹಾಕಿದೆ. ವಾಸನೆ ಹದಕ್ಕೆ ಬಂತು. ಅತ್ತೆ ಬರಲಿಲ್ಲ. ನಡುಮನೆಗೆ ಇಣುಕಿದೆ, ಕೂತೇ ಇದ್ದರು. ಕರೆಯುವ ರೂಢಿ ಇಲ್ಲ, ಅವರಾಗಿಯೇ ಬರಬೇಕು. ಅಷ್ಟರಲ್ಲಿ ನೆನಪಾಯಿತು, ಹುಣಸೆ ಚಿಗುರು ತಂದಿರಲಿಲ್ಲ. ಉರಿ ಸಣ್ಣ ಮಾಡಿ ಹಿತ್ತಿಲಿಗೆ ಓಡಿದೆ. ಎಟುಕುವ ಕೊಂಬೆಯಲ್ಲೆಲ್ಲ ಎಲೆ ಬಲಿತಿತ್ತು. ದೋಟಿ ಹುಡುಕಿ ಮೇಲಿನ ಕೊಂಬೆ ಬಗ್ಗಿಸಿ ಚಿಗುರು ಕಿತ್ತು ಮಡಿಲಿಗೆ ತುಂಬಿಕೊಂಡು ಬರುವ ಹೊತ್ತಿಗೆ ಅಡುಗೆಮನೆ ಬಾಗಿಲಲ್ಲಿ ಅತ್ತೆ ಎದುರಾದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಹೋಗುತ್ತಿದ್ದರು. ಭರಣಿಯ ಮುಚ್ಚಳ ಪಕ್ಕದಲ್ಲಿತ್ತು. ಸರಿ, ಹಾಕಿದ್ದಾರೆ. ಮುಚ್ಚಳ ಮುಚ್ಚಿ, ಒಂದು ಕುದಿ ಬರಿಸಿ, ಬಸಿದೆ.

ಉಪ್ಪಿಗೆ ವಾಸನೆ ಇಲ್ಲ. ಆವಿಯಲ್ಲಿ ಮೂಗಿಟ್ಟು ಉಪ್ಪು ಹೇಳುವವರಿದ್ದಾರಂತೆ, ನಾನಂತೂ ಕಂಡಿಲ್ಲ. ರುಬ್ಬಿದ ಖಾರ ಬಿದ್ದು, ಚಿಗುರಿನ ಹುಳಿ ಬಿದ್ದು, ಒಗ್ಗರಣೆಯ ಬೆಳ್ಳುಳ್ಳಿ ಚಟಪಟ ಅಂದಾಗ ಬಂದ ಘಮಕ್ಕೆ ಮಗಳು ಮೊಬೈಲು ಬಿಟ್ಟು ಎದ್ದು ಬಂದಳು. ಎಡೆ ಇಟ್ಟು, ಕೈ ಮುಗಿದು, ಎಲ್ಲರೂ ಕೂತರು. ನಾನು ಅತ್ತೆಗೆ ಮೊದಲು ಬಡಿಸಿದೆ. ಮುದ್ದೆ, ಸಾರು, ಪಲ್ಯ. ಅವರು ಬಾಯಿಗಿಡುವ ತನಕ ಬೇರೆಯವರು ಕೈ ಹಾಕುವಂತಿಲ್ಲ. ನಾನು ಸೌಟು ಹಿಡಿದು ನಿಂತೆ, ಪ್ರತಿ ವರ್ಷ ನಿಲ್ಲುವ ಜಾಗದಲ್ಲೇ.

ಅವರು ತುತ್ತು ಮುರಿದರು, ಅದ್ದಿದರು, ನುಂಗಿದರು. ಗೋಡೆ ನೋಡಲಿಲ್ಲ. ನನ್ನ ಮುಖ ನೋಡಿ, "ಇವತ್ತು ಸರಿಯಾಗೈತೆ ಕಣಮ್ಮಿ" ಅಂದರು.

ನಾನು ಸಾರಿನ ಪಾತ್ರೆ ಅಲ್ಲೇ ಇಟ್ಟು, ಮಜ್ಜಿಗೆ ತರುವವಳ ಹಾಗೆ ಅಡುಗೆಮನೆಗೆ ಹೋಗಿ, ಬಾಗಿಲ ಹಿಂದೆ ನಿಂತುಕೊಂಡು ಅತ್ತುಬಿಟ್ಟೆ. ಐವತ್ತು ದಾಟಿದ ಹೆಂಗಸು, ಸೊಪ್ಪಿನ ಸಾರಿಗೆ ಅಳುವುದೇ ಅಂತ ನಗುವೂ ಬಂತು. ಕಣ್ಣೊರೆಸಿಕೊಂಡು ಹೊರಗೆ ಬಂದಾಗ ಗಂಡ, ಮಗಳು ಇಬ್ಬರೂ ತಲೆ ಬಗ್ಗಿಸಿ ಊಟ ಮಾಡುತ್ತಿದ್ದರು. ಇನ್ನೊಂದು ಸೌಟು ಹಾಕಲಾ ಅಂದೆ. ಗಂಡ ತಟ್ಟೆ ಮುಂದೆ ಮಾಡಿದರು, ಮಗಳು ಸಾಕು ಅಂದಳು. ಹಾಸ್ಟೆಲಿನವರು ನಿನ್ನ ಹೊಟ್ಟೆ ಕೆಡಿಸಿದ್ದಾರೆ ಅಂತ ರೇಗಿಸಿದೆ. ಅವಳು ನಕ್ಕಳು. ಅಂದು ನನಗೆ ಎಲ್ಲರ ಮೇಲೂ ಪ್ರೀತಿ ಉಕ್ಕುತ್ತಿತ್ತು. ಅತ್ತೆಗಂತೂ ಕೇಳದೆಯೇ ಪಲ್ಯ ಬಡಿಸಿದೆ.

ಎಲ್ಲರದೂ ಮುಗಿದ ಮೇಲೆ ನಾನು ಕೂತೆ. ನಿಧಾನವಾಗಿ ಕೂತೆ, ಹಬ್ಬದ ಊಟಕ್ಕೆ ಕೂತವಳ ಹಾಗೆ. ಮೊದಲ ತುತ್ತು ಬಾಯಿಗಿಟ್ಟೆ.

ಸಪ್ಪೆ. ಹುಣಸೆ ಚಿಗುರಿನ ಹುಳಿ ಒಂದು ಕಡೆ, ಮೆಣಸಿನಕಾಯಿಯ ಖಾರ ಇನ್ನೊಂದು ಕಡೆ ನಿಂತಿದ್ದವು, ನಡುವೆ ಏನೂ ಇಲ್ಲ. ಪಲ್ಯ ತಿಂದು ನೋಡಿದೆ, ಅದೂ ಹಾಗೇ. ಮುದ್ದೆಗೆ ನಾವು ಉಪ್ಪು ಹಾಕುವುದಿಲ್ಲ. ಅಂದರೆ ಆ ಇಡೀ ಊಟದಲ್ಲಿ ಉಪ್ಪಿನ ಒಂದು ಹರಳೂ ಇರಲಿಲ್ಲ. ಆಗ ಕಣ್ಣಿಗೆ ಬಿತ್ತು, ತುಂಬಿದ್ದ ಉಪ್ಪಿನಕಾಯಿ ಬಟ್ಟಲು ಗಂಡನ ತಟ್ಟೆಯ ಪಕ್ಕದಲ್ಲಿ ಖಾಲಿಯಾಗಿ ಕೂತಿತ್ತು.

ಮಗಳನ್ನು ಕರೆದೆ. "ಉಪ್ಪಿಲ್ಲ ಅಂತ ಯಾಕೆ ಹೇಳ್ಲಿಲ್ಲ?"

ಅವಳು ಅಪ್ಪನ ಕಡೆ ನೋಡಿದಳು. ಅವರು ಎದ್ದು ವರಾಂಡಕ್ಕೆ ಹೋದರು. "ಅಜ್ಜಿ ಅಂಗೆ ಹೇಳಿದ್ರಲ್ಲ" ಅಂದಳು. "ನಿನ್ನ ಮುಖ ನೋಡಿ ಹೇಳೋಕೆ ಆಗ್ಲಿಲ್ಲಮ್ಮ."

ಆ ಮಾತು ನನ್ನನ್ನು ಕುಕ್ಕಿದ ಹಾಗೆ ಇನ್ನೇನೂ ಕುಕ್ಕಲಿಲ್ಲ. ನನ್ನ ಸ್ವಂತ ಮಗಳ ಕಣ್ಣಲ್ಲಿ ನಾನು ಕನಿಕರ ತೋರಿಸಬೇಕಾದವಳಾಗಿದ್ದೆ. ನಾನು ಬಾಗಿಲ ಹಿಂದೆ ನಿಂತು ಅತ್ತದ್ದು ಇವರಿಗೆಲ್ಲ ಗೊತ್ತು. ನನ್ನ ಸಂತೋಷಕ್ಕೆ ಇಬ್ಬರೂ ಸೇರಿ ಸಪ್ಪೆ ಸಾರು ತಿಂದು ತುಟಿಪಿಟಿಕ್ಕೆನ್ನದೆ ಎದ್ದರು. ಒಳ್ಳೆಯ ಮನಸ್ಸೇ, ಒಪ್ಪುತ್ತೇನೆ. ಆದರೂ ತಟ್ಟೆ ಎತ್ತಿ ಬಿಸಾಡುವಷ್ಟು ಸಿಟ್ಟು ಬಂದಿತ್ತು.

ಅತ್ತೆ ಹಿತ್ತಿಲ ಜಗಲಿಯಲ್ಲಿ ಕೂತು ಬೀಜಕ್ಕೆಂದು ಒಣಗಿಸಿದ್ದ ಹುರುಳಿಕಾಯಿ ಸುಲಿಯುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ.

"ಅತ್ತೆ, ಇವತ್ತು ಉಪ್ಪು ಹಾಕಿದ್ರಾ?"

ಅವರ ಕೈ ನಿಂತಿತು. "ನೀನು ಹಾಕ್ಲಿಲ್ವಾ?"

"ಈ ಸಾರಿಗೆ ನಾನು ಯಾವತ್ತು ಉಪ್ಪು ಹಾಕಿದ್ದೀನಿ?"

ಅವರು ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು. "ನೀನು ಚಿಗುರು ಕೀಳಕ್ಕೆ ಹೋದಾಗ ಬಂದೆ. ಉಪ್ಪು ಕೈಗೆ ತಕ್ಕೊಂಡೆ. ಎಷ್ಟು ಅಂತ ಧೈರ್ಯ ಸಾಲ್ದೆ ಹೋಯ್ತು. ಜಾಸ್ತಿ ಆಗ್ಬುಟ್ರೆ ಎಲ್ರಿಗೂ ಗೊತ್ತಾಗ್ಬುಡ್ತದೆ ಅಂತ ವಾಪಸ್ ಭರಣಿಗೇ ಹಾಕ್ಬುಟ್ಟೆ. ನೀನು ನೋಡ್ಕಂಡು ಹಾಕ್ತೀಯ ಅನ್ಕಂಡೆ."

"ಏನು ಗೊತ್ತಾಗ್ಬುಡ್ತದೆ?"

"ಬಾಯಿಗೆ ಏನೂ ತಿಳೀತಿಲ್ಲ ಕಣಮ್ಮಿ. ಆ ಜ್ವರ ಬಂದೋದಾಗಿಂದ. ಉಪ್ಪೂ ಒಂದೆ, ಬೆಲ್ಲಾನೂ ಒಂದೆ. ವಾಸ್ನೇನೂ ಬರಲ್ಲ. ಸೊಪ್ಪು ಬೆಂದಿದ್ದು ನಂಗೆ ತಿಳೀಲೇ ಇಲ್ಲ, ನೀನು ಇಣುಕಿ ನೋಡಿದ್ದು ಕಂಡು ಎದ್ದು ಬಂದೆ."

ಯುಗಾದಿಯ ದಿನ ಬೇವುಬೆಲ್ಲ ಕೊಟ್ಟಾಗ ಅವರು ಬೇವನ್ನೇ ಅಗಿದು ನುಂಗಿದ್ದು ನೆನಪಾಯಿತು. ಮುಖದ ಒಂದು ಗೆರೆಯೂ ಅಲ್ಲಾಡಿರಲಿಲ್ಲ. ಏನು ಗಟ್ಟಿ ಜೀವ ಅಂತ ನಾವು ನಗಾಡಿದ್ದೆವು.

ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಆದರೆ ಬಹಳ ತಡವಾಗಿ, ಸಿಟ್ಟೆಲ್ಲ ಬಂದು ಹೋದ ಮೇಲೆ. "ಮಗನಿಗೆ ಹೇಳ್ಬೋದಿತ್ತಲ್ಲ" ಅಂದೆ.

"ಹೇಳಿದ್ರೆ ಡಾಕ್ಟ್ರು, ಬೆಂಗ್ಳೂರು ಅಂತ ಕರ್ಕಂಡು ಸುತ್ತುಸ್ತಾನೆ. ಆಮೇಲೆ ಉಪ್ಪು ನೀನೇ ಹಾಕು ಅಂತಾರೆ ಎಲ್ರೂ."

"ಮತ್ತೆ ಸರಿಯಾಗೈತೆ ಅಂದ್ರಲ್ಲ, ಅದ್ಯಾಕೆ?"

"ಇನ್ನೇನನ್ಲಿ? ಕಮ್ಮಿ ಐತೆ ಅಂದ್ರೆ ಏನು ಕಮ್ಮಿ ಅಂತ ಕೇಳ್ತೀಯ. ಪ್ರತಿ ಸಲ ಕೇಳ್ತೀಯ. ಇವತ್ತು ಕೇಳಿದ್ರೆ ಏನು ಹೇಳಾದು ಅಂತ ದಿಗಿಲಾಯ್ತು."

ನೋಡಿ ನನ್ನ ಹಣೆಬರಹ. ಎಲ್ಲ ಸರಿಯಿದ್ದ ವರ್ಷಗಳಲ್ಲೆಲ್ಲ ಏನೋ ಕಮ್ಮಿಯಾಯಿತು. ನಿಜವಾಗಿಯೂ ಕಮ್ಮಿಯಿದ್ದ ಒಂದೇ ಒಂದು ವರ್ಷ ಸರಿಯಾಯಿತು. ಹಳೆಯ ಮಾತನ್ನೇ ಹೇಳಿದ್ದರೆ ಈ ಸಲ ಅವರು ಗೆದ್ದಿರುತ್ತಿದ್ದರು. ನಾನು ಜಗಲಿಯ ಅಂಚಿಗೆ ಕೂತೆ.

"ಹೋದ ವರ್ಷ ಏನು ಕಮ್ಮಿ ಇತ್ತು ಅತ್ತೆ?"

"ಬುಡಮ್ಮಿ ಈಗ."

"ಹೇಳಿ. ಅದರ ಹಿಂದಿನ ವರ್ಷ? ನಾನು ಒರಳಲ್ಲಿ ರುಬ್ಬಿದ ವರ್ಷ? ಸೌದೆ ಒಲೆಯಲ್ಲಿ ಮಾಡಿದ ವರ್ಷ?"

ಅವರು ಒಂದು ಕಾಯಿ ಸುಲಿದು ಬೀಜಗಳನ್ನು ಮೊರಕ್ಕೆ ಹಾಕಿದರು. ಸಿಪ್ಪೆಯನ್ನು ಪಕ್ಕಕ್ಕಿಟ್ಟರು. "ಏನೂ ಕಮ್ಮಿ ಇರ್ಲಿಲ್ಲ" ಅಂದರು. "ಯಾವತ್ತೂ ಇರ್ಲಿಲ್ಲ. ಸೌದೆ ಒಲೇಲಿ ಮಾಡಿದ್ಯಲ್ಲ, ಅಂಥ ಸಾರು ನಾನೂ ಮಾಡಿಲ್ಲ, ನಮ್ಮತ್ತೇನೂ ಮಾಡಿಲ್ಲ."

ಇಷ್ಟು ವರ್ಷ ಕಾದ ಮಾತು. ಅದು ಕಿವಿಗೆ ಬಿದ್ದಾಗ ನನಗೆ ಸಂತೋಷವಾಗಲಿಲ್ಲ. ಯಾರೋ ನನ್ನ ಒಡವೆ ಕದ್ದಿಟ್ಟುಕೊಂಡು, ನನಗೆ ಹಾಕಿಕೊಳ್ಳುವ ಆಸೆ ಸತ್ತ ಮೇಲೆ ತಂದು ಕೊಟ್ಟ ಹಾಗಾಯಿತು. "ಒಂದು ಸಲ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅತ್ತೆ?"

ಅವರು ತಲೆ ಎತ್ತಿ ನೋಡಿದರು. ಆ ಮುಖದಲ್ಲಿ ನಾಚಿಕೆ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಇಷ್ಟೂ ತಿಳಿಯುವುದಿಲ್ಲವೇ ನಿನಗೆ ಎಂಬಂತೆ ನೋಡಿದರು.

"ಹೇಳ್ಬುಟ್ಟಿದ್ರೆ ನೀನು ಕೇಳಾದು ಬುಟ್ಬುಡ್ತಿದ್ದೆ. ನೀನು ಓದ್ದೋಳು. ಬ್ಯಾಂಕು, ಆಫೀಸು, ಮಗಳ ಓದು, ಎಲ್ಲಾ ನಿಂಗೇ ಗೊತ್ತು. ನನ್ ಮಗನೂ ಏನಾದ್ರೂ ಬೇಕಂದ್ರೆ ನಿನ್ನನ್ನೇ ಕೇಳ್ತಾನೆ. ನನ್ತಾವ ಬಂದು ನಿಂತ್ಕಂಡು, ಹೆಂಗೈತೆ ಅತ್ತೆ ಅಂತ ನೀನು ಕೇಳ್ತಿದ್ದಿದ್ದು ಅದೊಂದೇ."

ಅವರು ಹೇಳಿದ್ದು ನಿಜ. ಮೊದಲ ವರ್ಷವೇ ಸರಿಯಾಗೈತೆ ಅಂದಿದ್ದರೆ ನಾನು ಮತ್ತೆ ಅವರನ್ನು ಯಾವುದಕ್ಕೂ ಕೇಳುತ್ತಿರಲಿಲ್ಲ. ಆದರೆ ಅದಕ್ಕೆ ನನ್ನ ಇಡೀ ಹರೆಯವನ್ನು ಆ ಒಲೆಯ ಮುಂದೆ ನಿಲ್ಲಿಸಬೇಕಿತ್ತೇ? ಬೇರೆ ಏನನ್ನಾದರೂ ಕೇಳು ಅಂತ ಅವರು ಹೇಳಬಹುದಿತ್ತು. ಬೇರೆ ಏನನ್ನಾದರೂ ನಾನು ಕೇಳಬಹುದಿತ್ತು. ಎರಡೂ ಆಗಲಿಲ್ಲ. ಆಗಿದ್ದಿಷ್ಟೇ, ಅವರಿಗೆ ನಾನು ಬಂದು ಕೇಳುವುದು ಬೇಕಿತ್ತು, ಅದನ್ನು ಉಳಿಸಿಕೊಳ್ಳಲು ನನ್ನ ಸಂತೋಷವನ್ನು ಬಚ್ಚಿಟ್ಟರು.

ಆ ಮಾತು ನನಗೆ ಒಂದೇ ದಿನ ಎರಡು ಸಲ ಸಿಕ್ಕಿತು. ಒಂದು ಸುಳ್ಳಾಗಿತ್ತು, ಇನ್ನೊಂದು ತಡವಾಗಿತ್ತು.

ಗಂಡನಿಗೆ ಹೇಳಿದೆ. ಹೊಸೂರಿನಲ್ಲಿ ಡಾಕ್ಟರಿಗೆ ತೋರಿಸಿದೆವು. ನಾಲಿಗೆಯ ರುಚಿ ಕೆಲವರಿಗೆ ವಾಪಸ್ಸು ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಕಾದು ನೋಡಿ ಅಂದರು. ಅತ್ತೆ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಅವರ ಮೇಲೆ ಕನಿಕರವಿದೆ ನನಗೆ. ಒಬ್ಬ ಮನುಷ್ಯ ಜೀವಮಾನವಿಡೀ ನೆಚ್ಚಿಕೊಂಡಿದ್ದ ಒಂದೇ ಒಂದು ಅಧಿಕಾರ ಬಾಯಿಂದಲೇ ಜಾರಿ ಹೋದರೆ ಹೇಗಿರಬಹುದು ಅಂತ ಯೋಚಿಸಬಲ್ಲೆ. ಬಿಸಿ ನೀರು ಕೊಡುತ್ತೇನೆ, ಕಾಲು ಒತ್ತುತ್ತೇನೆ, ಮಾತ್ರೆ ಮರೆಯದೆ ಕೊಡುತ್ತೇನೆ. ಆದರೆ ಕ್ಷಮಿಸಿದ್ದೇನೆ ಅಂತ ಬರೆದರೆ ಅದು ಸುಳ್ಳಾಗುತ್ತದೆ.

ಈಗ ಎಲ್ಲ ಅಡುಗೆಗೂ ಉಪ್ಪು ನಾನೇ ಹಾಕುತ್ತೇನೆ, ಅಂಗೈಗೆ ಹಾಕಿಕೊಂಡು ರುಚಿ ನೋಡಿಯೇ ಹಾಕುತ್ತೇನೆ. ಊಟಕ್ಕೆ ಮೊದಲು ಅವರಿಗೇ ಬಡಿಸುತ್ತೇನೆ, ಅದನ್ನು ತಪ್ಪಿಸಿಲ್ಲ. ಅವರು ಒಂದು ತುತ್ತು ನುಂಗಿ, ತಟ್ಟೆಯಿಂದ ತಲೆಯೆತ್ತಿ ನನ್ನ ಮುಖ ನೋಡುತ್ತಾರೆ. ಹೇಗಿದೆ ಅಂತ ನಾನು ಕೇಳಲಿ ಅಂತ ಕಾಯುತ್ತಾರೆ. ಕಾಯುವುದು ಹೇಗಿರುತ್ತದೆ ಅಂತ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ನಾನು ಕೇಳುವುದಿಲ್ಲ.